ಅವ್ವನ ಕೈ ತಪ್ಪಿದ ಸಾಲು

ನಮ್ಮವ್ವ ಕೂರಿಗೆಯ ಹಿಂದೆ ನಡೆಯುವಾಗ ಅವಳನ್ನು ಮಾತಾಡಿಸಬಾರದು. ನಮ್ಮ ಮನೆಯಲ್ಲಿ ನಾನು ಕಲಿತ ಮೊದಲ ಕಾಯಿದೆ ಅದು. ಬಸ್ಸಿನ ರಸ್ತೆಯಲ್ಲಿ ಮಿಶ್ರಿಕೋಟಿ ಇನ್ನೆರಡು ಮೈಲಿ ಇರುವಾಗ ಸಿಗುವ ನಮ್ಮೂರಲ್ಲಿ ಭತ್ತದ ನಾಟಿ ಮಾಡುತ್ತಿರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದವಾದ ಕೂಡಲೇ ಕೂರಿಗೆಯಿಂದ ಬಿತ್ತುತ್ತಿದ್ದರು. ಕೂರಿಗೆಗೆ ಮೇಲೊಂದು ಮರದ ಬಟ್ಟಲು, ಬಟ್ಟಲಿನ ತಳದಲ್ಲಿ ಮೂರು ತೂತು. ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಕೆಳಗಿಳಿದು ನೆಲ ಸೀಳುವ ತಾಳಿನ ಹಿಂದೆ ಬಾಯಿ ಬಿಡುತ್ತದೆ. ಗಂಡಸು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಹಿಂದೆ ನಡೆಯುತ್ತ, ಮುಷ್ಟಿಯಿಂದ ಬಟ್ಟಲಿಗೆ ಬೀಜ ಬಿಡುತ್ತಾಳೆ.

ಬಿಡುವುದೆಂದರೆ ಸುರಿಯುವುದಲ್ಲ. ಸುರಿಯಲು ನನಗೂ ಬರುತ್ತದೆ. ಅವ್ವನ ಹೆಬ್ಬೆರಳು ತೋರುಬೆರಳಿನ ಮೇಲೆ ಸಣ್ಣಗೆ ಉಜ್ಜುತ್ತಿದ್ದರೆ ಮೂರೂ ತೂತಿಗೆ ಸಮನಾಗಿ ಕಾಳು ಹಂಚಿಹೋಗುತ್ತಿತ್ತು. ಎತ್ತು ಜೋರಾಗಿ ನಡೆದರೆ ಬೆರಳೂ ಜೋರು, ಎತ್ತು ತಡೆದರೆ ಬೆರಳೂ ತಡೆ. ಅವಳು ಬಟ್ಟಲನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಕಾಳು ಬಿದಿರಿನೊಳಗೆ ಇಳಿಯುವಾಗ ಸರಸರ ಸದ್ದು ಬರುತ್ತದೆ. ಹಸಿ ಮಣ್ಣು ಕೊಳವೆಯ ಬಾಯಿಗೆ ಮೆತ್ತಿಕೊಂಡರೆ ಆ ಸದ್ದು ಮಂಕಾಗುತ್ತದೆ. ನಮಗೆ ಯಾರಿಗೂ ಕೇಳಿಸದ ಆ ಮಂಕು ಅವಳಿಗೆ ಕೇಳಿಸುತ್ತಿತ್ತು. ಕೂಡಲೇ "ನಿಂದರಸು" ಎನ್ನುತ್ತಿದ್ದಳು. ಎತ್ತು ನಿಲ್ಲುತ್ತಿದ್ದವು, ಅವಳು ಕಡ್ಡಿಯಿಂದ ಕೊಳವೆ ಬಿಡಿಸುತ್ತಿದ್ದಳು, ಮತ್ತೆ ಸಾಲು ಮುಂದುವರಿಯುತ್ತಿತ್ತು.

ಗಣಿತದ ಹುಚ್ಚು ಹಿಡಿದ ಹೊಸದರಲ್ಲಿ, ಅಂದರೆ ಹೈಸ್ಕೂಲಿನಲ್ಲಿದ್ದಾಗ, ನಾನು ಒಂದು ದಿನ ನಮ್ಮ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳು ಬಿತ್ತಿದ ಮೊಳಕೆಗಳನ್ನು ಗೇಣಿನ ಲೆಕ್ಕದಲ್ಲಿ ಎಣಿಸಿದೆ. ಮೊದಲ ಗೇಣಿಗೆ ಏಳು. ಮುಂದಿನದಕ್ಕೆ ಏಳು. ಅದರ ಮುಂದಿನದಕ್ಕೆ ಆರು, ಮತ್ತೆ ಏಳು. ಇಪ್ಪತ್ತು ಗೇಣು ಎಣಿಸುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತು. ಓದು ಬರಹ ಬಾರದ ಹೆಂಗಸು ನಡೆಯುತ್ತ ನಡೆಯುತ್ತ ಇದನ್ನು ಮಾಡಿದ್ದಳು. ಬಮ್ಮಿಗಟ್ಟಿಯಿಂದಲೂ ದೇವಿಕೊಪ್ಪದಿಂದಲೂ ಅವಳಿಗೆ ಬಿತ್ತಿಗೆಗೆ ಕರೆ ಬರುತ್ತಿತ್ತು. ಕೂಲಿಗಲ್ಲ, ಮುಯ್ಯಿಗೆ. ಅವಳು ಅವರ ಹೊಲದಲ್ಲಿ ಬಿತ್ತಿದರೆ ಅವರು ನಮ್ಮ ಹೊಲಕ್ಕೆ ಕಳೆಗೋ ಕೊಯ್ಲಿಗೋ ಬರುತ್ತಿದ್ದರು.

ಇಂಥ ಅವ್ವನ ಮಗಳಾದ ನಾನು ಎಪ್ಪತ್ತರ ದಶಕದ ನಡುವೆ ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿ, ರೈಲಿನಲ್ಲಿ ಒಂದೂವರೆ ದಿನದ ದೂರವಿದ್ದ ಒಂದು ದೊಡ್ಡ ವಿದ್ಯಾಸಂಸ್ಥೆಗೆ ಗಣಿತ ಓದಲು ಹೋದೆ. ದೇಶಕ್ಕೆಲ್ಲ ಸೇರಿ ಬೆರಳೆಣಿಕೆಯಷ್ಟು ಸೀಟು. ಅದರಲ್ಲಿ ಒಂದು ನನ್ನದು. ನಮ್ಮಪ್ಪ ಆ ಸುದ್ದಿಯನ್ನು ಹುಬ್ಬಳ್ಳಿಯ ದಲಾಲಿ ಅಂಗಡಿಗಳವರೆಗೂ ಮುಟ್ಟಿಸಿದ. ಊರಿನ ಹೆಂಗಸರು ನನ್ನ ಬಾಯಿಗೆ ಸಕ್ಕರೆ ಹಾಕಿದರು. ನನಗೆ ಇದೆಲ್ಲ ಒಳಗೊಳಗೇ ಬಹಳ ಸೇರಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನೇನು ವಿರಾಗಿಯಲ್ಲ.

ಅಲ್ಲಿಯ ಗ್ರಂಥಾಲಯವನ್ನು ಮೊದಲ ಸಲ ಕಂಡ ದಿನ ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಬೇಕೆಂದು ಮಾಡಿದ್ದಲ್ಲ. ಮುಗಿಲೆತ್ತರದ ಕಪಾಟುಗಳು, ಅವಕ್ಕೆ ಏಣಿ, ಅಷ್ಟು ಜನರಿದ್ದೂ ಉಸಿರಿನ ಸದ್ದು ಕೇಳುವ ಮೌನ. ಅದನ್ನು ನೋಡಿದ ಕೂಡಲೇ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ನಾನು ಒಂದು ಪುಸ್ತಕ ತೆರೆದು ನೋಡಿದೆ. ಹುಬ್ಬಳ್ಳಿಯಲ್ಲಿ ನಮ್ಮ ಮೇಷ್ಟರು ಯಾರದೋ ಟಿಪ್ಪಣಿಯಿಂದ ಹೇಳಿಕೊಡುತ್ತಿದ್ದ ಒಂದು ಪ್ರಮೇಯದ ಮೂಲ ಅಲ್ಲಿತ್ತು. ಕಣ್ಣಲ್ಲಿ ನೀರು ಬಂತು. ಹೊರಗೆ ಬಂದಾಗ ನನ್ನ ಚಪ್ಪಲಿಯ ಸುತ್ತ ನಾಲ್ಕು ಜನ ನಿಂತು ನಗುತ್ತಿದ್ದರು. ಕೆಟ್ಟವರೇನಲ್ಲ, ಮುಂದೆ ಅವರೇ ನನ್ನ ಸಹಪಾಠಿಗಳಾದರು. ಆದರೆ ಅಂದಿನಿಂದ ನಾನು ಯಾವುದಕ್ಕೂ ಬೆರಗಾಗದವಳಂತೆ ಮುಖ ಮಾಡಿಕೊಂಡಿರಲು ಕಲಿತೆ. ಆ ಸಂಸ್ಥೆಯಲ್ಲಿ ನಾನು ಕಲಿತ ಮೊದಲ ವಿದ್ಯೆ ಅದೇ, ಅತ್ಯಂತ ದಂಡದ ವಿದ್ಯೆಯೂ ಅದೇ.

ಅಲ್ಲಿಯ ಶಿಷ್ಟಾಚಾರ ವಿಚಿತ್ರ. ಓದುವುದಕ್ಕೆಂದೇ ಬಂದವರೆಲ್ಲ ಓದುವುದನ್ನು ಕಳ್ಳತನದಂತೆ ಬಚ್ಚಿಡುತ್ತಿದ್ದರು. ಪರೀಕ್ಷೆಯ ದಿನ ಮೆಸ್ಸಿನಲ್ಲಿ ತಿಂಡಿಗೆ ಕೂತಾಗ ಒಬ್ಬೊಬ್ಬರದೂ ಒಂದೇ ಮಂತ್ರ: ಪುಸ್ತಕ ಮುಟ್ಟಿಯೇ ಇಲ್ಲ. ಮುಟ್ಟದೆಯೇ ಪಾಸಾಗುವವನು ಜಾಣ. ಮುಟ್ಟಿ ಪಾಸಾಗುವವನು ಎರಡನೇ ದರ್ಜೆ. ಮುಟ್ಟಿಯೂ ಪಾಸಾಗದವರಿಗೆ ಅಲ್ಲಿ ಹೆಸರೇ ಇರಲಿಲ್ಲ. ಹಳ್ಳಿಯಿಂದ ಬಂದ ನಾನು ಮೊದಲ ಮೂರು ತಿಂಗಳು ಅದನ್ನೆಲ್ಲ ನಿಜವೆಂದೇ ನಂಬಿದ್ದೆ. ಇವರು ಮುಟ್ಟದೆ ಮಾಡುವ ಲೆಕ್ಕವನ್ನು ನಾನು ಹಗಲಿಡೀ ಕೂತರೂ ಮಾಡಲಾರೆ, ಹಾಗಾದರೆ ನನ್ನ ತಲೆಯಲ್ಲೇ ಏನೋ ಇಲ್ಲ ಎಂದುಕೊಂಡೆ. ಆಮೇಲೆ ನಾನೂ ಓದುವ ಪುಸ್ತಕದ ಮೇಲೊಂದು ಸಿನಿಮಾ ಪತ್ರಿಕೆ ಇಡಲು ಕಲಿತೆ. ಅರ್ಥವಾಗದ್ದನ್ನು ಕೇಳುವುದು ಬಿಟ್ಟೆ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

ನನ್ನ ಪಕ್ಕದ ಕೋಣೆಯಲ್ಲಿ ದೊಡ್ಡ ಪಟ್ಟಣದ ಒಬ್ಬ ಹುಡುಗಿಯಿದ್ದಳು. ಅವಳ ತಂದೆ ಅದೇ ಸಂಸ್ಥೆಯಲ್ಲಿ ಓದಿದವರು. ಅವಳ ಇಂಗ್ಲಿಷು ಹರಿಯುವ ನೀರು, ಅವಳ ನಗು ಮೆಸ್ಸಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ನಾನು ಅವಳನ್ನು ಕಂಡು ಹೊಟ್ಟೆಕಿಚ್ಚು ಪಡದ ದಿನವಿಲ್ಲ. ಫೆಬ್ರುವರಿಯಲ್ಲಿ ಒಂದು ದಿನ ವಾರ್ಡನ್ ಬಾಗಿಲು ತೆಗೆಸಿ ನೋಡಿದರೆ ಅವಳು ನಾಲ್ಕು ದಿನದಿಂದ ಊಟ ಮಾಡಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಂದೆ ಬಂದು ಕರೆದುಕೊಂಡು ಹೋದರು. ಮನೆಯಲ್ಲಿ ಮದುವೆಯಂತೆ ಎಂದರು ಯಾರೋ. ಹೌದೌದು, ಮದುವೆ ಎಂದರು ಉಳಿದವರು. ನಾನೂ ಹೌದು ಎಂದೆ. ಗೋಡೆಯ ಈಚೆಗೆ ಮಲಗುತ್ತಿದ್ದ ನನಗೆ ಅವಳು ಅಳುವುದು ಹದಿನೈದು ದಿನದಿಂದ ಕೇಳಿಸುತ್ತಿತ್ತು. ಆ ಹೌದಿಗೆ ನನಗೆ ಇಂದೂ ನಾಚಿಕೆಯಾಗುತ್ತದೆ.

ವರ್ಷದ ಪರೀಕ್ಷೆಯಲ್ಲಿ ನನ್ನ ಕೈ ನಿಂತುಹೋಯಿತು. ಗೊತ್ತಿದ್ದ ಪ್ರಶ್ನೆಯನ್ನೇ ಓದುತ್ತೇನೆ, ಓದುತ್ತೇನೆ, ಅಕ್ಷರ ಒಳಗಿಳಿಯುವುದಿಲ್ಲ. ಫಲಿತಾಂಶವನ್ನು ಗಾಜಿನ ಸೂಚನಾ ಹಲಗೆಯೊಳಗೆ ಹಚ್ಚಿದರು. ಎಲ್ಲರ ಹೆಸರೂ ಅಂಕದ ಪ್ರಕಾರ ಮೇಲಿನಿಂದ ಕೆಳಗೆ, ಕೊನೆಗೊಂದು ಕೆಂಪು ಗೀಟು. ಗೀಟಿನ ಕೆಳಗೆ ನನ್ನ ಹೆಸರು. ಎಂಟು ಪತ್ರಿಕೆಯಲ್ಲಿ ಎರಡು ಹೋಗಿದ್ದವು. ಜುಲೈ ಕೊನೆಯಲ್ಲಿ ಮರುಪರೀಕ್ಷೆ. ಅದಕ್ಕೊಂದು ಅರ್ಜಿ, ಅರ್ಜಿಯ ಮೇಲೆ ತಂದೆಯ ಸಹಿ. ಜುಲೈ ಮೊದಲ ವಾರದೊಳಗೆ ಅರ್ಜಿ ಮುಟ್ಟದಿದ್ದರೆ ಸೀಟು ಹೋಯಿತು. ಗುಮಾಸ್ತರು ಅರ್ಜಿ ಕೊಡುವಾಗ ಇಷ್ಟನ್ನೂ ಹೇಳಿದರು. ನಾನು ಅದನ್ನು ಟ್ರಂಕಿನ ತಳದ ಕಾಗದದ ಕೆಳಗೆ ಇಟ್ಟು ಊರಿಗೆ ಬಂದೆ.

ಬಂದರೆ ಊರಲ್ಲಿ ಹಬ್ಬ. ನಾನು ಪತ್ರದಲ್ಲಿ ಎಲ್ಲಾ ಛಲೋ ಆಗಿದೆ ಎಂದು ಬರೆದಿದ್ದೆ. ಅಪ್ಪ ಅದನ್ನು ಓದಿ ಹೇಳುವಾಗ ಎರಡು ಮಾತು ಸೇರಿಸಿದ್ದ. ಕೇಳಿದವರು ಇನ್ನೆರಡು. ಮನೆಗೆ ಬಂದವರು ತಮ್ಮ ಹೆಣ್ಣುಮಕ್ಕಳನ್ನು ನನ್ನ ಮುಂದೆ ನಿಲ್ಲಿಸಿ ಇವಳ ಹಾಗೆ ಆಗಬೇಕು ನೋಡು ಎನ್ನುತ್ತಿದ್ದರು. ಆ ಮಕ್ಕಳು ನನ್ನನ್ನು ಕಣ್ಣರಳಿಸಿ ನೋಡುತ್ತಿದ್ದವು. ನನಗೆ ಊಟ ಸೇರುತ್ತಿರಲಿಲ್ಲ. ಬಾಚಣಿಗೆಯಲ್ಲಿ ಕೂದಲು ಹಿಡಿ ಹಿಡಿ ಬರುತ್ತಿತ್ತು. ಅರ್ಜಿಯ ವಿಷಯ ಹೇಳಬೇಕೆಂದು ದಿನಾ ಬೆಳಿಗ್ಗೆ ಏಳುತ್ತಿದ್ದೆ, ಹೇಳದೆ ಮಲಗುತ್ತಿದ್ದೆ.

ಮೊದಲ ಮಳೆ ಬಿತ್ತು. ನಮ್ಮೂರ ಬಸ್ ನಿಲ್ಲುವ ಜಾಗಕ್ಕೆ ಹೊಂದಿಕೊಂಡೇ ಕಾಕಾನ ಹೊಲವಿತ್ತು. ಅವನು ರಕ್ತಸಂಬಂಧಿಯಲ್ಲ, ಅಪ್ಪನ ಗೆಳೆಯ, ಊರಿಗೆಲ್ಲ ಕಾಕಾ. ದೊಡ್ಡ ದನಿಯ, ದೊಡ್ಡ ಮೀಸೆಯ ಮನುಷ್ಯ. ಅವನ ಹೊಲದ ಬಿತ್ತಿಗೆಗೆ ಅವ್ವನೇ ಆಗಬೇಕು. ಆ ದಿನ ಕೂರಿಗೆಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಬಿತ್ತಿಗೆ ಹೂಡಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋಗಿ ಬದುವಿನ ಮೇಲೆ ನಿಂತಿದ್ದೆ. ಬಸ್ಸಿಗೆ ಕಾಯುತ್ತ ಹತ್ತು ಹನ್ನೆರಡು ಜನ ರಸ್ತೆಯ ಮೇಲಿದ್ದರು. ಕಾಕಾ ಎತ್ತು ಹೊಡೆಯುತ್ತ, ಅವ್ವ ಬೀಜ ಬಿಡುತ್ತ ನನ್ನ ಮುಂದೆಯೇ ಹಾದರು.

ಅವ್ವನನ್ನು ಮಾತಾಡಿಸಬಾರದು ಎಂಬ ಕಾಯಿದೆ ಕಾಕಾನಿಗೂ ಗೊತ್ತಿತ್ತು. ಅವನು ಅವ್ವನನ್ನು ಮಾತಾಡಿಸಲಿಲ್ಲ. ನನ್ನನ್ನು ಮಾತಾಡಿಸಿದ.

"ಏನವಾ, ಎಷ್ಟನೇ ನಂಬರ ಬಂದಿ? ನಿಮ್ಮಪ್ಪ ಹೇಳೂದು ನಂಬೂಹಂಗಿಲ್ಲ, ನೀನ ಹೇಳು. ಇವರೂ ಕೇಳಲಿ."

ರಸ್ತೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಮೊದಲನೇದು, ಕಾಕಾ," ಎಂದೆ.

"ಕೇಳಿದ್ರೇನ್ರಿ?" ಎಂದು ಅವನು ರಸ್ತೆಯವರಿಗೆ ಕೇಳಿದ. "ಹೌದ್ರಿ, ಕೇಳಿದ್ವಿ" ಎಂದರು ಅವರು. ಎತ್ತು ಮುಂದೆ ನಡೆದವು. ಅವ್ವ ಕೂರಿಗೆಯ ಹಿಂದೆ ಹೋಗುತ್ತಲೇ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಬಿತ್ತುವಾಗ ಅವಳು ಕತ್ತು ಹೊರಳಿಸಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಹೆಮ್ಮೆಯಿಂದ ನೋಡಿದಳು ಎಂದುಕೊಂಡೆ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆ ಹೊಲದ ಆಚೆ ತುದಿ ಮುಟ್ಟುವವರೆಗೂ ಅವಳ ಮುಖ ಅರ್ಧ ನನ್ನ ಕಡೆಗೇ ಇತ್ತು.

ಏಳೆಂಟು ದಿನಕ್ಕೆ ಭತ್ತ ಹುಟ್ಟಿತು. ಹತ್ತನೇ ದಿನ ಬಸ್ಸಿನಿಂದ ಇಳಿದವರೇ ಸುದ್ದಿ ತಂದರು. ಕಾಕಾನ ಹೊಲದಲ್ಲಿ, ರಸ್ತೆಯ ಕಡೆಯಿಂದ ಐದನೇ ಸಾಲು, ನಲವತ್ತು ಹೆಜ್ಜೆಯಷ್ಟು ಖಾಲಿ.

ನಾನು ಓಡಿಹೋಗಿ ನೋಡಿದೆ. ಎಡಬಲದಲ್ಲಿ ಹಸಿರು ಗೆರೆಗಳು ಪಟ್ಟಿ ಹಿಡಿದು ಎಳೆದ ಹಾಗೆ ಇದ್ದವು. ನಡುವೆ ಒಂದು ಗೆರೆ ಬರಿಯ ಕೆಂಪು ಮಣ್ಣು. ಅದು ನಾನು ನಿಂತ ಜಾಗದ ಎದುರಿಗೆ ಸುರುವಾಗಿ ಆಚೆ ತುದಿಯವರೆಗೂ ಹೋಗಿತ್ತು. ತುದಿಯಲ್ಲಿ, ಕೂರಿಗೆ ತಿರುಗಿಸುವ ಕಡೆ, ಹಿಡಿ ಭತ್ತ ಒಂದೇ ಕಡೆ ಬಿದ್ದು ಜೊಂಪೆಯಾಗಿ ಹುಟ್ಟಿತ್ತು. ನಡೆದದ್ದು ಸ್ಪಷ್ಟವಿತ್ತು. ನಡುವಿನ ಕೊಳವೆಯ ಬಾಯಿಗೆ ಹಸಿ ಮಣ್ಣು ಮೆತ್ತಿದೆ, ಅದಕ್ಕೆ ಅವ್ವ ಬಿಟ್ಟ ಕಾಳೆಲ್ಲ ಬಿದಿರಿನೊಳಗೇ ನಿಂತಿದೆ, ತುದಿಯಲ್ಲಿ ಕೂರಿಗೆ ಎತ್ತಿ ಕುಕ್ಕಿದಾಗ ಮಣ್ಣು ಉದುರಿ ಕಾಳೆಲ್ಲ ಅಲ್ಲೇ ಸುರಿದಿದೆ. ಅಲ್ಲಿಂದ ಮುಂದೆ ಸದ್ದು ಸರಿಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಾನು "ಮೊದಲನೇದು" ಎಂದ ಹೆಜ್ಜೆಯಿಂದಲೇ ಸಾಲು ತಪ್ಪಿತ್ತು.

ಬಚ್ಚಿಡಲು ಬಾರದ ತಪ್ಪೆಂದರೆ ಇದು. ಮನೆಯೊಳಗೆ ಒಡೆದ ಗಡಿಗೆಯಲ್ಲ, ಕದವಿಕ್ಕಿಕೊಳ್ಳಲು. ಕಲಘಟಗಿಯ ಕಡೆ ಹೋಗುವ ಪ್ರತಿಯೊಂದು ಬಸ್ಸೂ ಆ ಸಾಲಿನ ಬಾಜೂಕ್ಕೇ ನಿಲ್ಲುತ್ತಿತ್ತು. ಹತ್ತುವವರು ಇಳಿಯುವವರೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದರು. "ಏನಬೇ, ನಿನ್ನ ಕೈಯಾಗೂ ಸಾಲ ತಪ್ಪತೈತಿ?" ಎಂದು ಬಾವಿಯ ಹತ್ತಿರ ಒಬ್ಬಳು ಕೇಳಿದಳು. ಇಷ್ಟು ವರ್ಷ ಅವ್ವನ ಕೈಯ ಹೊಗಳಿಕೆ ಕೇಳಿ ಕೇಳಿ ಸಾಕಾಗಿದ್ದವರಿಗೆ ಆ ಸಾಲು ಒಂದು ಔತಣ.

ಅವ್ವ ಏನು ಮಾಡುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಏನೂ ಮಾಡಲಿಲ್ಲ. "ಹೌದವಾ, ತಪ್ಪೇತಿ. ನಲವತ್ತು ಹೆಜ್ಜಿ," ಎಂದು ಕೊಡ ತುಂಬಿಕೊಂಡು ಬಂದಳು. ಸಂಜೆ ತಾನೇ ಕಾಕಾನ ಮನೆಗೆ ಹೋಗಿ "ನನ್ನ ಕೈ ತಪ್ಪೇತಿ, ಮಳಿ ಹಿಡದ ಮ್ಯಾಲ ತುಂಬಿ ಕೊಡತೇನಿ" ಎಂದು ಹೇಳಿ ಬಂದಳು. ನಮ್ಮೂರಲ್ಲಿ ಅದು ರೂಢಿ. ಯಾರ ಕೈಯಲ್ಲಿ ಸಾಲು ತಪ್ಪಿತೋ ಅವರೇ, ದಟ್ಟವಾಗಿ ಹುಟ್ಟಿದ ಕಡೆಯಿಂದ ಸಸಿ ಕಿತ್ತು, ಖಾಲಿ ಸಾಲು ತುಂಬಬೇಕು. ಹಾಡಹಗಲಲ್ಲೇ ತುಂಬಬೇಕು. ಹೊಲದ ಯಜಮಾನ ಅಂದು ಅವರಿಗೆ ಬುತ್ತಿ ಕಳಿಸಬೇಕು. ತುಂಬಿದ ಮೇಲೆ ಆ ಸಾಲಿನ ಮಾತನ್ನು ಯಾರೂ ಎತ್ತಕೂಡದು. ಎತ್ತಿದವರ ಬಾಯಿಯನ್ನು ಊರೇ ಮುಚ್ಚಿಸುತ್ತಿತ್ತು.

ಆದರೆ ತುಂಬಲು ಸಸಿ ಗೇಣುದ್ದವಾದರೂ ಆಗಬೇಕು, ಮಳೆ ಹಿಡಿಯಬೇಕು. ಅಲ್ಲಿಯವರೆಗೆ ಖಾಲಿ ಸಾಲು ಖಾಲಿಯಾಗಿಯೇ ಇರಬೇಕು. ಅಷ್ಟೂ ದಿನ ಅವ್ವ ಅದರ ಪಕ್ಕದಲ್ಲಿ ತಲೆಯೆತ್ತಿ ಓಡಾಡಿದಳು. ಸುತ್ತಿಬಳಸಿ ಹೋಗುವ ಕಾಲುದಾರಿ ಇತ್ತು, ಒಂದು ದಿನವೂ ಆ ದಾರಿ ಹಿಡಿಯಲಿಲ್ಲ. ಗಾಜಿನ ಹಲಗೆಯ ಮುಂದೆ ಹಾಯಬೇಕಾಗುತ್ತದೆಂದು ಮೆಸ್ಸಿಗೆ ಹಿತ್ತಲ ಕಡೆಯಿಂದ ಹೋಗುತ್ತಿದ್ದವಳು ನಾನು. ನನ್ನವ್ವನನ್ನು ನಾನು ಹೊಸದಾಗಿ ನೋಡತೊಡಗಿದೆ. ಅದೊಂದು ಬಗೆಯ ಭಯಭಕ್ತಿ. ದೊಡ್ಡ ಪ್ರಾಧ್ಯಾಪಕರ ಮುಂದೆಯೂ ನನಗೆ ಹಾಗಾಗಿರಲಿಲ್ಲ.

ಅವಳದೊಂದು ಕಾಟ ಮಾತ್ರ ನನಗೆ ಸಹಿಸಲಾಗುತ್ತಿರಲಿಲ್ಲ. ನಾನು ಬಾವಿಗೆ ಹೊರಟರೆ ತಾನೂ ಇನ್ನೊಂದು ಕೊಡ ಹಿಡಿದು ಹಿಂದೆ ಬರುತ್ತಿದ್ದಳು. ಮನೆಯಲ್ಲಿ ಹಂಡೆ ಗಡಿಗೆಯೆಲ್ಲ ತುಂಬಿದ್ದರೂ ಬರುತ್ತಿದ್ದಳು. ನನಗೆ ಒಂದು ಗಳಿಗೆ ಒಬ್ಬಳೇ ಇರಬೇಕೆನಿಸಿದಾಗಲೇ ಇವಳಿಗೆ ನೀರಿನ ಆಸೆ ಯಾಕೆ ಬರುತ್ತದೆ ಎಂದು ಸಿಡುಕುತ್ತಿದ್ದೆ.

ಬಿತ್ತಿದ ಹದಿನೆಂಟನೇ ದಿನ ಜಿಟಿಜಿಟಿ ಮಳೆ ಹಿಡಿಯಿತು. ಜೂನ್ ಮುಗಿಯುತ್ತ ಬಂದಿತ್ತು. ಅರ್ಜಿ ಟ್ರಂಕಿನಲ್ಲೇ ಇತ್ತು. ಅವ್ವ ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು "ಹೋಗೂಣು ಬಾ" ಎಂದಳು. ಯಾಕೆ ನಾನು ಎಂದು ಕೇಳುವ ಧೈರ್ಯವಿರಲಿಲ್ಲ, ಹೋದೆ.

ತುದಿಯ ಜೊಂಪೆಯ ಹತ್ತಿರ ಕೂತು ಅವಳು ಸಸಿಗಳನ್ನು ಬಿಡಿಸತೊಡಗಿದಳು. ಬೇರು ಹರಿಯದಂತೆ, ಮಣ್ಣಿನ ಸಮೇತ, ಒಂದೊಂದಾಗಿ. ಸಾಲಿನುದ್ದಕ್ಕೂ ಹಂಚಿ ಬೀಳಬೇಕಾಗಿದ್ದ ಕಾಳುಗಳೆಲ್ಲ ಅಲ್ಲಿದ್ದವು. ಒಂದನ್ನೊಂದು ಒತ್ತಿಕೊಂಡು, ಹಳದಿಯಾಗಿ, ಆದರೆ ಜೀವಂತ. ನನಗೆ ಅದೇ ದೊಡ್ಡ ಬೆರಗಾಯಿತು. ಏನೂ ಕಳೆದುಹೋಗಿರಲಿಲ್ಲ. ಅವಳು ಬೆರಳಿಂದ ಕುಳಿ ಮಾಡಿ ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಿದ್ದಳು, ನಾನು ಎತ್ತಿ ಎತ್ತಿ ಕೊಡುತ್ತಿದ್ದೆ. ಒಂದು ಬಸ್ಸು ಬಂದು ನಿಂತಿತು. ಕಿಟಕಿಗಳ ತುಂಬ ಮುಖಗಳು. ಅವ್ವ ತಲೆಯೆತ್ತಿ ನೋಡಿ, ಪರಿಚಯದವರಿಗೆ "ಎಲ್ಲಿಗಿ ಹೊಂಟೀರಿ?" ಎಂದು ಕೇಳಿ, ಮತ್ತೆ ಬಗ್ಗಿದಳು. ಬಸ್ಸು ಹೋಯಿತು.

ಅರ್ಧ ಸಾಲು ಮುಗಿದಿತ್ತು. ನನ್ನ ಬಾಯಿ ತಾನಾಗಿ ತೆರೆಯಿತು.

"ಯವ್ವಾ, ನಾ ಮೊದಲನೇ ನಂಬರ ಬಂದಿಲ್ಲ."

ಅವಳು ಕೈ ಚಾಚಿದಳು. ಸಸಿ ಕೊಟ್ಟೆ.

"ಎರಡು ಪೇಪರಿನಾಗ ಫೇಲ ಆಗೇನಿ."

"ಎಷ್ಟರಾಗ ಎರಡು?"

"ಎಂಟರಾಗ."

"ಉಳದ ಆರು?"

"ಪಾಸ ಆಗ್ಯಾವ. ಜುಲೈದಾಗ ಮತ್ತ ಪರೀಕ್ಷಿ ಐತಿ. ಅಪ್ಪನ ಸಹಿ ಬೇಕು. ಈ ವಾರ ಕಳಸಲಿಲ್ಲಂದ್ರ ಸೀಟ ಹೋಗತೈತಿ."

ಅವಳು ಆ ಸಸಿಯನ್ನು ಊರಿ, ಸುತ್ತ ಮಣ್ಣು ಒತ್ತಿ, ಆಮೇಲೆ ಮಾತಾಡಿದಳು.

"ಗೊತ್ತಿತ್ತು ನನಗ."

"ಯಾರ ಹೇಳಿದ್ರು?"

"ಯಾರ ಯಾಕ ಹೇಳಬೇಕು. ಅವತ್ತ ಕಾಕಾ ಕೇಳಿದಾಗ ನೀ ಒಂದ ಮಾತ ಆಡಿದೆಲಾ, ಆ ಮಾತಿನ ಸಪ್ಪಳ ಸರಿ ಇರಲಿಲ್ಲ. ಎಲ್ಲೋ ಒಳಗ ಕಟ್ಟಿಕೊಂಡೈತಿ ಅನ್ನೂದು ಕೇಳಿಸ್ತು. ನಿನ್ನ ಮಾರಿ ನೋಡಾಕ ತಿರುಗಿದೆ, ಕೈಯಾಗಿನ ಕೂರಿಗಿ ಮರತೆ. ಅದಕ್ಕ ಈ ಸಾಲ ತಪ್ಪಿತು."

ನಾನು ಮಳೆಯಲ್ಲಿ ಕೂತೇ ಬಿಟ್ಟೆ. ಹೆಮ್ಮೆಯಿಂದ ನೋಡಿದಳೆಂದು ಹದಿನೆಂಟು ದಿನ ಸಂಕಟಪಟ್ಟಿದ್ದೆ. ಬಿದಿರಿನೊಳಗೆ ನಿಂತ ಕಾಳನ್ನು ಕೇಳುವ ಕಿವಿ ಒಂದೇ ಮಾತಿನಲ್ಲಿ ನನ್ನನ್ನು ಕೇಳಿಬಿಟ್ಟಿತ್ತು. ಅಷ್ಟು ಜನ ಸಹಪಾಠಿಗಳು, ಅಷ್ಟು ಜನ ಮೇಷ್ಟರು, ವಾರ್ಡನ್, ಯಾರಿಗೂ ಒಂದು ವರ್ಷದಲ್ಲಿ ಕೇಳಿಸದ್ದು. ಅದಕ್ಕಾಗಿ ಅವಳು ತನ್ನ ಜೀವಮಾನದ ಹೆಸರನ್ನು ಬಸ್ಸಿನ ರಸ್ತೆಯಲ್ಲಿ ನಲವತ್ತು ಹೆಜ್ಜೆ ಕಳೆದುಕೊಂಡಿದ್ದಳು.

"ಮತ್ತ ಯಾಕ ಕೇಳಲಿಲ್ಲ?" ಎಂದೆ.

"ನೀನ ಹೇಳ್ತಿ ಅಂತ ಕಾದೆ. ಭಾಳ ಕಾಯಿಸಿದಿ," ಎಂದಳು. ಇನ್ನೊಂದು ಸಸಿ ಊರಿ, ನನ್ನ ಮುಖ ನೋಡದೆ ಹೇಳಿದಳು: "ನೀ ಬಾವಿಗೆ ಹೋದಾಗೆಲ್ಲಾ ನಾನೂ ಕೊಡಾ ತಗೊಂಡ ಬಂದೇನಿ. ಅಷ್ಟ ನನ್ನ ಕೈಲೆ ಆಗೂವಂಥಾದ್ದು ಇತ್ತು."

ಆಗ ನಾನು ಅತ್ತೆ. ವರ್ಷವೆಲ್ಲ ತಡೆದದ್ದು ಬಂತು. ಅವ್ವ ಸಮಾಧಾನ ಮಾಡಲಿಲ್ಲ, ಕೈ ಚಾಚಿಯೇ ಇದ್ದಳು. ಅಳುತ್ತಲೇ ಸಸಿ ಕೊಟ್ಟೆ. ಸಾಲು ಮುಗಿಯಿತು. ಕಾಕಾನ ಮನೆಯ ಬುತ್ತಿ ಬಂತು, ರೊಟ್ಟಿ, ಝುಣಕ, ಉಳ್ಳಾಗಡ್ಡಿ. ತಂದವನು ಕಾಕಾನೇ. ಅವ್ವ ನನ್ನ ಕಡೆ ಒಮ್ಮೆ ನೋಡಿ ರೊಟ್ಟಿ ಮುರಿಯತೊಡಗಿದಳು. ಅವನಿಗೂ ನಾನೇ ಹೇಳಬೇಕೆಂದು ಅರ್ಥವಾಯಿತು. ಹೇಳಿದೆ. ಅವನ ದೊಡ್ಡ ಮೀಸೆ ಒಮ್ಮೆ ಅಲುಗಿತು.

"ನಾ ರಸ್ತಾದಾಗ ನಿಂತು ಕೇಳಬಾರದಿತ್ತು," ಎಂದ. "ಉಣ್ಣವಾ. ಅಗದಿ ಸೊರಗೀದಿ." ನಾನು ಮೂರು ರೊಟ್ಟಿ ತಿಂದೆ.

ಅಪ್ಪನದು ಅಷ್ಟು ಸುಲಭವಾಗಲಿಲ್ಲ. ಅವನು ಹುಬ್ಬಳ್ಳಿಯವರೆಗೆ ಹಬ್ಬಿಸಿದ್ದನ್ನು ಮಡಿಚಬೇಕಿತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೇ ದಿನ ತಾನೇ ಪೆನ್ನು ಹುಡುಕಿ, ಸಹಿ ಹಾಕಿ, ಅರ್ಜಿಯನ್ನು ಅಂಚೆಗೆ ಹಾಕಲು ಮಿಶ್ರಿಕೋಟಿಗೆ ನಡೆದು ಹೋದ. ಅವತ್ತು ಬಸ್ಸಿತ್ತು. ಆದರೆ ಬಸ್ಸಿನಲ್ಲಿ ನನ್ನ ನಂಬರು ಕೇಳುವವರೂ ಇದ್ದರು.

ಜುಲೈಯಲ್ಲಿ ತಿರುಗಿ ಹೋದಾಗ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಆ ಹುಡುಗಿ ಬಂದಿದ್ದಳು, ತೆಳ್ಳಗಾಗಿ, ನಗು ಮಾತ್ರ ಮೊದಲಿನಷ್ಟೇ ಜೋರು. ಮದುವೆ ಹೇಗಾಯಿತು ಎಂದು ಮೆಸ್ಸಿನಲ್ಲಿ ಯಾರೋ ಕೇಳಿದರು. ಚೆನ್ನಾಗಾಯಿತು ಎಂದಳು. ಆಮೇಲೆ ಪ್ರಶ್ನೆ ನನ್ನ ಕಡೆ ತಿರುಗಿತು. ರಜೆಯಲ್ಲಿ ಏನು ಮಾಡಿದೆ? ಮಳೆಯಲ್ಲಿ ಬಸ್ಸಿನ ಕಡೆ ತಲೆಯೆತ್ತಿದ ಅವ್ವನ ಮುಖ ನೆನಪಾಯಿತು.

"ಎರಡು ಪತ್ರಿಕೆ ಫೇಲಾಗಿದ್ದೆನಲ್ಲ, ಅದಕ್ಕೆ ಓದಿದೆ," ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ. "ದಿನವೆಲ್ಲ ಓದುತ್ತೇನೆ. ಆದರೂ ಬೀಜಗಣಿತದ ನಾಲ್ಕನೇ ಅಧ್ಯಾಯ ಅರ್ಥವಾಗಿಲ್ಲ. ಯಾರಿಗಾದರೂ ಆಗಿದೆಯೇ?"

ಯಾರೂ ನಗಲಿಲ್ಲ. ಎದುರಿಗೆ ಕೂತ ಆ ಹುಡುಗಿ ತಟ್ಟೆ ನೋಡುತ್ತಲೇ, ನಾನು ಅದುವರೆಗೆ ಕೇಳಿರದ ಸಣ್ಣ ದನಿಯಲ್ಲಿ, ಮದುವೆ ಇರಲಿಲ್ಲ ಎಂದಳು. ಊಟವಾದ ಮೇಲೆ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದಳು. ನಾಲ್ಕನೇ ಅಧ್ಯಾಯ ಅವಳಿಗೂ ಅರ್ಥವಾಗಿರಲಿಲ್ಲ. ಇಬ್ಬರೂ ಕೂತು ಹನ್ನೊಂದು ದಿನ ತೆಗೆದುಕೊಂಡೆವು ಅದಕ್ಕೆ. ಅರ್ಥವಾದ ದಿನ ಎಂಥ ಚೆಲುವಾದ ಅಧ್ಯಾಯ ಅನ್ನಿಸಿತು. ಮರುದಿನ ಗ್ರಂಥಾಲಯಕ್ಕೆ ಹೋಗುವಾಗ ನಾನು ಚಪ್ಪಲಿ ಹೊರಗೆ ಬಿಟ್ಟು ಹೋದೆ.

ಮರುಪರೀಕ್ಷೆಯಲ್ಲಿ ಪಾಸಾದೆ. ಒಂದರಲ್ಲಿ ಸಾಧಾರಣ, ಇನ್ನೊಂದರಲ್ಲಿ ಅಂಚಿನ ಮೇಲೆ. ದೀಪಾವಳಿಗೆ ಊರಿಗೆ ಬಂದಾಗ ಅವ್ವ ಬಸ್ ನಿಲ್ಲುವಲ್ಲಿಗೇ ಬಂದಿದ್ದಳು. ಕಾಕಾನ ಹೊಲ ತೆನೆ ಬಾಗಿ ನಿಂತಿತ್ತು. ನಾನು ಐದನೇ ಸಾಲನ್ನು ಹುಡುಕಿದೆ. ನಾಲ್ಕು ಬೆರಳು ಗಿಡ್ಡ ಇತ್ತು, ತೆನೆಯಲ್ಲಿ ಹಸಿರು ಇನ್ನೂ ಉಳಿದಿತ್ತು. ಆದರೆ ತೆನೆ ಇತ್ತು, ನಲವತ್ತು ಹೆಜ್ಜೆಯುದ್ದಕ್ಕೂ. ನಾನು ಬಾಯಿ ತೆರೆದೆ. ಆ ಸಾಲಿನ ಬಗ್ಗೆ, ಆ ಪರೀಕ್ಷೆಯ ಬಗ್ಗೆ, ಅವಳ ಕಿವಿಯ ಬಗ್ಗೆ, ಬಾವಿಗೆ ನನ್ನ ಹಿಂದೆ ಬರುತ್ತಿದ್ದ ಅವಳ ಕೊಡದ ಬಗ್ಗೆ ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಯವ್ವಾ, ಆ ಎರಡು ಪೇಪರ—"

"ತುಂಬಿದಿ?"

"ತುಂಬಿದೆ."

"ಮತ್ತ ಅದರ ಮಾತು ಯಾಕ," ಎಂದು ಅವಳು ನನ್ನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮನೆಯ ಕಡೆ ನಡೆದಳು.